ಹಾಡುಗಾರರೂ ಅವರ ಒಕ್ಕಲುಗಳೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಜನಪದ ಸಂಗೀತವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆಯಿತ್ತರು. ನಾವು ವ್ಯಾಕರಣ, ಛಂದಸ್ಸುಗಳ ಪಾಠ ಹೇಳುವವರು, ಸಂಗೀತಶಾಸ್ತ್ರವನ್ನು ಬಲ್ಲವರಲ್ಲ. ಆದರೆ ತ್ರಿಪದಿಯ ಲಕ್ಷಣವನ್ನು ಹಲಗೆಯ ಮೇಲೆ ಬರೆದು ಗಣಗಳನ್ನು ವಿಂಗಡಿಸಿ ತೋರಿಸುವಾಗಲೆಲ್ಲ ಒಂದು ಸಂಗತಿ ನಮ್ಮನ್ನು ಕಾಡುತ್ತದೆ. ಬೀಸುವ ಕಲ್ಲಿನ ಮುಂದೆ ಬಾಳಿದ ಆ ಮಟ್ಟನ್ನು ನಾವು ಸೀಮೆಸುಣ್ಣದಿಂದ ಕಲಿಸುತ್ತಿದ್ದೇವೆ. ಅದನ್ನು ತಾಯಿಯ ಕೊರಳಿನಿಂದ ಕೇಳಿಬಂದ ಮಗು ತರಗತಿಗೆ ಒಂದು ಸಿಕ್ಕರೆ ಹೆಚ್ಚು. ಹಾಡಿನ ಲಕ್ಷಣ ಉಳಿಯಿತು, ಹಾಡುವ ಕೊರಳು ಹೋಯಿತು ಎಂಬ ಸ್ಥಿತಿ ಇದು. ಇದನ್ನೇ ಮುಂದಿಟ್ಟುಕೊಂಡು, ದೂರದ ಒಂದು ಸೀಮೆಯಲ್ಲಿ ಇದಕ್ಕೆ ಏನು ಮಾಡಿದರೆಂಬುದನ್ನು ತಮ್ಮೆದುರು ಅರಿಕೆ ಮಾಡಿಕೊಳ್ಳಬೇಕೆಂದು ಬಂದಿದ್ದೇವೆ.

ಹಾಡು ಕೂಡಿಡುವ ಕೆಲಸ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ನಮ್ಮ ಜನಕ್ಕೆ ಅಪರಿಚಿತವೇನಲ್ಲ. ನಮ್ಮ ನೆರೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು ಕೂಡಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ವಿಶ್ವವಿದ್ಯಾಲಯಗಳು ಜಾನಪದವೆಂಬ ಮಾತನ್ನು ಇನ್ನೂ ಬಳಸದಿದ್ದ ಕಾಲದಲ್ಲಿ, ಹಳ್ಳಿಯ ತರುಣರು ತಮ್ಮ ತಾಯಂದಿರ, ಅಕ್ಕಂದಿರ ಬಾಯಿಂದ ಪದಗಳನ್ನು ಬರೆದುಕೊಂಡರು. ಆ ಗೆಳೆಯರಲ್ಲಿ ಲಿಂಗಾಯತರೂ ಇದ್ದರು, ಮುಸಲ್ಮಾನರೂ ಇದ್ದರು. ಅದೇ ಊರಿನ ಖಾಜಾಭಾಯಿಯ ಲಾವಣಿಗಳನ್ನು ತಾವೆಲ್ಲ ಕೇಳಿರುವಿರಿ. ಹಲಸಂಗಿಯವರು ಅಂದು ಬರೆದಿಡದಿದ್ದರೆ ಇಂದು ನಮ್ಮ ಪಠ್ಯಪುಸ್ತಕಗಳಲ್ಲಿ ಗರತಿಯ ದನಿಯೇ ಇರುತ್ತಿರಲಿಲ್ಲ. ಆ ಋಣ ದೊಡ್ಡದು.

ಆದರೂ ಅವರು ಉಳಿಸಿದ್ದು ಮುಖ್ಯವಾಗಿ ಹಾಡಿನ ಮಾತನ್ನು. ಅದಕ್ಕೆ ಅವರನ್ನು ದೂರುವಂತಿಲ್ಲ. ಅಂದು ಅವರ ಕೈಯಲ್ಲಿದ್ದುದು ಲೆಕ್ಕಣಿಕೆ ಮತ್ತು ಕಾಗದ. ಬೀಸುವ ಹಾಡಿನ ಬಾಳು ಬೀಸುವ ಕಲ್ಲಿಗೆ ಗಂಟುಬಿದ್ದಿತ್ತು. ಊರಿಗೆ ಗಿರಣಿ ಬಂದ ದಿನವೇ ಅದರ ಆಯುಷ್ಯ ಗೊತ್ತಾಗಿಹೋಯಿತು. ಗಿರಣಿಯನ್ನು ಮುಚ್ಚಿ ತಾಯಂದಿರನ್ನು ಮತ್ತೆ ಬೆಳಗಿನ ಜಾವಕ್ಕೆ ಎಬ್ಬಿಸಿ ಬೀಸಲು ಕೂರಿಸಿರೆಂದು ಯಾವ ಸಂಘವೂ ಹೇಳಲಾರದು, ಹೇಳಲೂಬಾರದು. ಆದರೆ ಜನಪದದಲ್ಲಿ ಇನ್ನೊಂದು ಬಗೆಯ ಹಾಡುಂಟು. ಅದು ಕೆಲಸದ ಬೇಸರ ಕಳೆಯುವ ಹಾಡಲ್ಲ. ಹಾಡುವುದೇ ಕೆಲಸವಾದವರ ಹಾಡು. ತಲೆಮಾರುಗಳಿಂದ ಹಾಡಿನಿಂದಲೇ ಅನ್ನ ಕಂಡವರ ಹಾಡು. ಅದರ ಬಾಳು ಕೇಳುವ ಮನೆಗಳಿಗೆ ಗಂಟುಬಿದ್ದಿದೆ. ಮನೆಗಳು ಬಾಗಿಲು ಮುಚ್ಚಿದರೆ ಹಾಡು ಮುಗಿಯುತ್ತದೆ. ಬೇರೆ ಬಾಗಿಲುಗಳು ತೆರೆದರೆ ಉಳಿದೀತು. ಇಲ್ಲಿ ಮಾತ್ರ ಒಂದು ಸಂಸ್ಥೆಗೆ ಮಾಡುವ ಕೆಲಸವುಂಟು.

ಅಂಥದೊಂದು ಸಂಸ್ಥೆಯ ಕಥೆಯನ್ನು ಕೇಳಿರಿ. ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಬೋರುಂದಾ ಎಂಬುದೊಂದು ಹಳ್ಳಿ. 1960ರಲ್ಲಿ ಇಬ್ಬರು ಸ್ನೇಹಿತರು ಅಲ್ಲಿ ‘ರೂಪಾಯನ ಸಂಸ್ಥಾನ’ವೆಂಬ ಸಂಸ್ಥೆಯನ್ನು ಕಟ್ಟಿದರು. ಸಂಸ್ಥಾನವೆಂದೊಡನೆ ಅರಮನೆ, ಆನೆಗಳನ್ನು ನೆನೆಯಬೇಡಿ. ಹಿಂದಿಯಲ್ಲಿ ಆ ಶಬ್ದಕ್ಕೆ ಸಂಸ್ಥೆಯೆಂದಷ್ಟೇ ಅರ್ಥ. ಸ್ನೇಹಿತರಲ್ಲೊಬ್ಬರು ವಿಜಯದಾನ ದೇಥಾ, ಅದೇ ಊರಿನವರು. ಮತ್ತೊಬ್ಬರು ಕೋಮಲ ಕೊಠಾರಿ.

ದೇಥಾ ಅವರನ್ನು (1926–2013) ಕುರಿತು ಇಂಥ ಸಭೆಯಲ್ಲಿ ಒಂದು ಮಾತು ಹೇಳಲೇಬೇಕು. ಮೊದಲು ಹಿಂದಿಯಲ್ಲಿ ಬರೆಯುತ್ತಿದ್ದ ಅವರು, ತಮ್ಮ ಊರಿನ ಜನ ಆಡುವ ರಾಜಸ್ಥಾನಿಯಲ್ಲಿ ಬರೆಯುವ ನಿಶ್ಚಯ ಮಾಡಿದರು. ಅದು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇಂದಿಗೂ ಸ್ಥಾನ ದೊರೆಯದ ಭಾಷೆ. ಅದರಲ್ಲಿ ಅವರು ಹಳ್ಳಿಯ ಕಥೆಗಳನ್ನು ಹೊಸದಾಗಿ ಹೇಳಿ ‘ಬಾತಾಂ ರೀ ಫುಲವಾಡಿ’ ಎಂಬ 14 ಸಂಪುಟಗಳ ಗ್ರಂಥವನ್ನು ರಚಿಸಿದರು. 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ ಸಂದಿತು. ಅವರ ಕಥೆಗಳು ಚಲನಚಿತ್ರಗಳೂ ಆದವು. ಹಳ್ಳಿಯಲ್ಲಿ ಕುಳಿತು ಹಳ್ಳಿಯ ಭಾಷೆಯಲ್ಲಿ ಬರೆದರೆ ಯಾರು ಓದುತ್ತಾರೆ ಎಂದು ಕೇಳುವ ನಮ್ಮ ತರುಣ ಲೇಖಕರು ಇದನ್ನು ಗಮನಿಸಬೇಕು.

ಕಥೆಯನ್ನು ದೇಥಾ ಹಿಡಿದರೆ, ಹಾಡನ್ನು ಕೊಠಾರಿಯವರು (1929–2004) ಹಿಡಿದರು. ಇವರ ರೀತಿಯೇ ಬೇರೆ. ಬರೆದುದು ಕಡಿಮೆ, ತಿರುಗಿದುದು, ಕೇಳಿದುದು, ಮಾತನಾಡಿದುದು ಅಪಾರ. ರಾಜಸ್ಥಾನದ ಭೂಪಟವನ್ನು ಅವರು ರಾಜರ ಸೀಮೆಗಳಾಗಿ ವಿಂಗಡಿಸಲಿಲ್ಲ. ಜನ ಉಣ್ಣುವ ಧಾನ್ಯದಿಂದ ವಿಂಗಡಿಸಿದರು. ಸಜ್ಜೆಯ ಸೀಮೆ, ಜೋಳದ ಸೀಮೆ, ಮೆಕ್ಕೆಜೋಳದ ಸೀಮೆ. ಧಾನ್ಯ ಬದಲಾದರೆ ಮಳೆ ಬೇರೆ, ದನಕರು ಬೇರೆ, ದೈವ ಬೇರೆ, ಹಾಡೂ ಬೇರೆ ಎಂಬುದು ಅವರ ವಿಚಾರ. ಮಂಗಳವೇಢೆಯ ಮಾಲದಂಡಿ ಜೋಳದ ರೊಟ್ಟಿ ತಿಂದು ಬೆಳೆದ ನಮಗೆ ಈ ಮಾತು ಬಲುಬೇಗ ಮನಸ್ಸಿಗೆ ಹಿಡಿಯುತ್ತದೆ. ರಾಜ್ಯಗಳ ಗೆರೆ ಎಲ್ಲಿಯೇ ಬೀಳಲಿ, ಜೋಳದ ಸೀಮೆ ಒಂದೇ ಅಲ್ಲವೇ? ಜೋಧಪುರದ ಹತ್ತಿರ ಮೋಕಲಾವಾಸದಲ್ಲಿ ಅವರು ಆರಂಭಿಸಿದ ‘ಅರ್ಣಾ ಝರ್ಣಾ’ ಎಂಬ ಮರುಭೂಮಿಯ ವಸ್ತುಸಂಗ್ರಹಾಲಯಕ್ಕೆ ಹೋದರೆ ಕತ್ತಿ, ಕಿರೀಟಗಳು ಕಾಣುವುದಿಲ್ಲ, ಕಾಣುವುದು ಕಸಬರಿಗೆಗಳು. ಯಾವ ಹುಲ್ಲಿನಿಂದ ಯಾವ ಕಸಬರಿಗೆ, ಅದನ್ನು ಕಟ್ಟುವವರಾರು, ಅಂಗಳಕ್ಕೆ ಯಾವುದು, ಒಳಮನೆಗೆ ಯಾವುದು ಎಂಬುದನ್ನು ಅಲ್ಲಿ ತೋರಿಸಿದ್ದಾರೆ. ಕಸಬರಿಗೆಯನ್ನು ಹೀಗೆ ಆದರದಿಂದ ನೋಡಿದ ಕಣ್ಣೇ ಹಾಡುಗಾರನನ್ನೂ ನೋಡಿತು.

ಆ ಹಾಡುಗಾರರು ಯಾರು? ಥಾರ್ ಮರುಭೂಮಿಯ ಜೈಸಲ್ಮೇರ್, ಬಾಡಮೇರ್, ಜೋಧಪುರ ಜಿಲ್ಲೆಗಳಲ್ಲಿ ಲಂಗಾ ಎಂದೂ ಮಾಂಗಣಿಯಾರ್ ಎಂದೂ ಎರಡು ಜನಾಂಗಗಳಿವೆ. ಇಬ್ಬರೂ ಮುಸಲ್ಮಾನರು. ಲಂಗಾಗಳ ಯಜಮಾನರು ಸಿಂಧಿ ಸಿಪಾಯಿಗಳೆಂಬ ಮುಸಲ್ಮಾನ ಮನೆತನದವರು. ಮಾಂಗಣಿಯಾರರ ಯಜಮಾನರಲ್ಲಿ ಹೆಚ್ಚಿನವರು ಹಿಂದೂಗಳು, ಅದರಲ್ಲಿಯೂ ರಜಪೂತರು. ಯಜಮಾನನ ಮನೆಯಲ್ಲಿ ಕೂಸು ಹುಟ್ಟಿದರೆ ಇವರು ಹಾಡಬೇಕು, ಮದುವೆಯಾದರೆ ಹಾಡಬೇಕು, ವಂಶದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಎತ್ತಿ ಹೊಗಳಬೇಕು. ಈ ಹೊಗಳಿಕೆಗೆ ಅಲ್ಲಿ ‘ಶುಭರಾಜ’ ಎನ್ನುತ್ತಾರೆ. ಕೃಷ್ಣನ ಹಾಡನ್ನೂ ಸೂಫಿ ಸಂತರ ಹಾಡನ್ನೂ ಇವರ ಕೊರಳು ಬೇಧವೆಣಿಸದೆ ಹಾಡುತ್ತದೆ. ಲಂಗಾಗಳ ಕೈಯಲ್ಲಿ ಸಿಂಧಿ ಸಾರಂಗಿ. ಮಾಂಗಣಿಯಾರರ ಕೈಯಲ್ಲಿ ಕಮಾಯಚಾ. ಕಮಾಯಚಾ ಎಂಬುದು ಕಟ್ಟಿಗೆಯಲ್ಲಿ ಕೊರೆದ ದುಂಡನೆಯ ಹೊಟ್ಟೆಯ ಮೇಲೆ ಮೇಕೆಯ ಚರ್ಮ ಹೊದಿಸಿ, ಕರುಳಿನ ದಪ್ಪ ತಂತಿಗಳನ್ನು ಬಿಗಿದು, ಕುದುರೆಯ ಕೂದಲಿನ ಬಿಲ್ಲಿನಿಂದ ನುಡಿಸುವ ವಾದ್ಯ. ಅದರ ದನಿ ನಮ್ಮ ಪಿಟೀಲಿನಂತೆ ನಯವಲ್ಲ. ಎದೆಯೊಳಗಿಂದ ಬಂದಂತೆ ಗಂಭೀರವಾಗಿ, ಸ್ವಲ್ಪ ಒರಟಾಗಿ ಕೇಳಿಸುತ್ತದೆ. ಜೊತೆಗೆ ಡೋಲಕ, ಮತ್ತು ಕೈಗೆ ಎರಡರಂತೆ ಕಟ್ಟಿಗೆಯ ತುಂಡುಗಳನ್ನು ಹಿಡಿದು ಬಾರಿಸುವ ಖಡತಾಲ.

ಈ ಯಜಮಾನ ಗಾಯಕ ಸಂಬಂಧ ಭಿಕ್ಷೆಯ ಸಂಬಂಧವಲ್ಲವೆಂಬುದನ್ನು ತಾವು ಮನಗಾಣಬೇಕು. ಮದುವೆಯಲ್ಲಿ ಇಂತಿಷ್ಟು ಧಾನ್ಯ, ಆಡು, ಒಂಟೆ, ಹಣ ಕೊಡಬೇಕೆಂಬುದು ಯಜಮಾನನ ಮೇಲಿನ ಹೊಣೆ. ಅದು ಗಾಯಕನ ಹಕ್ಕು, ದಾನವಲ್ಲ. ಯಜಮಾನನು ಹೊಣೆ ತಪ್ಪಿದರೆ ಗಾಯಕನು ಅವನನ್ನು ಬಿಟ್ಟುಬಿಡಬಹುದಾಗಿತ್ತು. ಶುಭರಾಜವನ್ನು ನಿಲ್ಲಿಸಿ, ತನ್ನ ಮುಂಡಾಸವನ್ನು ತೆಗೆದು, ವಾದ್ಯದ ತಂತಿಗಳನ್ನು ಕಳಚಿ ಆ ಮನೆಯ ಮುಂದೆ ಹೂಳಿ ಹೊರಟುಹೋಗುವ ಪದ್ಧತಿಯುಂಟು. ಹಾಡುಗಾರನು ಬಿಟ್ಟುಹೋದ ಮನೆಗೆ ಊರಿನಲ್ಲಿ ಮಾನವಿಲ್ಲ. ಪದಕ, ಪ್ರಶಸ್ತಿಗಳು ಇಲ್ಲದ ಆ ಕಾಲದಲ್ಲಿ ಬಡ ಹಾಡುಗಾರನ ಕೈಯಲ್ಲಿ ಎಂಥ ಅಸ್ತ್ರವಿತ್ತು ನೋಡಿರಿ!

ಇಂಥ ವ್ಯವಸ್ಥೆ ಸಡಿಲವಾಗಲು ಒಂದೇ ಕಾರಣವಲ್ಲ. ಸಂಸ್ಥಾನಗಳು ಹೋದವು, ಜಾಗೀರುಗಳು ರದ್ದಾದವು. ಮರುಭೂಮಿಯಲ್ಲಿ ಬರ ಮೇಲಿಂದ ಮೇಲೆ ಬರುವಂಥದು. ಯಜಮಾನನಿಗೇ ಕಾಳಿಲ್ಲದಾಗ ಹಾಡುಗಾರನಿಗೆ ಎಲ್ಲಿಂದ ಕೊಡುವನು? ಇವೆಲ್ಲಕ್ಕೂ ಮಿಗಿಲಾಗಿ 1947ರಲ್ಲಿ ಆ ಮರಳಿನ ಮೇಲೆ ಒಂದು ಗೆರೆ ಬಿದ್ದಿತು. ಲಂಗಾ, ಮಾಂಗಣಿಯಾರರ ಬಂಧುಬಳಗ ಸಿಂಧದ ಉಮರಕೋಟೆ, ಥರಪಾರಕರ ಸೀಮೆಗಳಲ್ಲಿಯೂ ಇದೆ. ಹಾಡುಗಾರ ಈಚೆ, ಸೋದರಮಾವ ಆಚೆ; ಹಾಡು ಈಚೆ, ಅದರಲ್ಲಿ ಬರುವ ಊರು ಆಚೆ. ಮುನಾಬಾವ್ ಮತ್ತು ಖೋಖರಾಪಾರಗಳ ನಡುವಿನ ರೈಲು 1965ರ ಯುದ್ಧದಲ್ಲಿ ನಿಂತುದು 2006ರಲ್ಲಿ ಮತ್ತೆ ಓಡಿತು. 2019ರಲ್ಲಿ ಪುನಃ ನಿಂತುಹೋಯಿತು. ನಮ್ಮ ಗಡಿಗೂ ಅವರ ಗಡಿಗೂ ಹೋಲಿಕೆ ಸಲ್ಲದು. ನಾವು ವಿಜಾಪುರಕ್ಕೆ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆಗೆ ಮನೆ ಸೇರುತ್ತೇವೆ, ಅಲ್ಲಿ ಮುಳ್ಳುತಂತಿಯೂ ಸೈನ್ಯವೂ ಇವೆ. ಆದರೆ ಗೆರೆಯೆಳೆಯುವವರು ಹಾಡಿನ ಹಾದಿಯನ್ನು ವಿಚಾರಿಸುವುದಿಲ್ಲವೆಂಬುದನ್ನು ಗಡಿಯ ಜನರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊಠಾರಿಯವರು ಈ ಗಾಯಕರ ಸಂಗ ಹಿಡಿದುದು ಇಂಥ ಕಾಲದಲ್ಲಿ. ಧ್ವನಿಮುದ್ರಣ ಯಂತ್ರವನ್ನು ಮೊದಲು ಕಂಡಾಗ, ಅದು ತಮ್ಮ ಕೊರಳನ್ನೇ ಕದ್ದೊಯ್ಯುವುದೆಂದು ಗಾಯಕರು ಅಂಜಿದರೆಂದು ಅವರು ಹೇಳುತ್ತಿದ್ದರು. ನಗುವ ಮಾತಲ್ಲ, ಮುಂದೆ ನಡೆದುದನ್ನು ನೋಡಿದರೆ ಆ ಅಂಜಿಕೆ ಅರ್ಧ ನಿಜವೇ ಆಗಿತ್ತು. ಅದನ್ನು ಆಮೇಲೆ ಹೇಳುತ್ತೇವೆ. ಸಂಸ್ಥೆಯು ಮೊದಲು ಮಾಡಿದುದು ಗಾಯಕರ ಮನೆಗೆ ಹೋಗುವುದನ್ನು. ಯಾವ ಊರಿನಲ್ಲಿ ಯಾವ ಗಾಯಕ, ಅವನ ಯಜಮಾನರು ಯಾರು, ಅವನಿಗೆ ಕಲಿಸಿದವರು ಯಾರು, ಅವನ ಮಕ್ಕಳು ಕಲಿಯುತ್ತಿರುವರೇ ಎಂಬುದನ್ನೆಲ್ಲ ಗುರುತುಹಾಕಿಕೊಂಡರು. ಹಾಡನ್ನು ಮುದ್ರಿಸಿಕೊಳ್ಳುವಾಗ ಹಾಡಿದವನ ಹೆಸರು, ಊರು, ಸಂದರ್ಭಗಳನ್ನು ಬಿಡಲಿಲ್ಲ. ಆ ಬಳಿಕ ದಿಲ್ಲಿಯ ವೇದಿಕೆ, ಮುಂದೆ ಯುರೋಪಿನ ವೇದಿಕೆ. ಒಂದು ಮನೆಯ ಅಂಗಳದಲ್ಲಿ ಒಂದು ವಂಶದ ಮುಂದೆ ಹಾಡುತ್ತಿದ್ದವರು ಹೆಸರೂ ಗೊತ್ತಿಲ್ಲದ ಸಾವಿರ ಜನರ ಮುಂದೆ ಹಾಡಿದರು. ಹಳೆಯ ಯಜಮಾನ ಸೋತಲ್ಲಿ ಹೊಸ ಯಜಮಾನನನ್ನು ಹುಡುಕಿಕೊಟ್ಟುದೇ ಆ ಸಂಸ್ಥೆಯ ಮುಖ್ಯ ಕಾರ್ಯವೆಂದು ನಮ್ಮ ಎಣಿಕೆ.

ಫಲ ಬಾರದೆ ಇರಲಿಲ್ಲ. ಜೈಸಲ್ಮೇರ್ ಜಿಲ್ಲೆಯ ಹಮೀರಾ ಗ್ರಾಮದ ಸಾಕರ ಖಾನರು ಕಮಾಯಚಾದ ದನಿಯನ್ನು ಜಗತ್ತಿಗೆ ಕೇಳಿಸಿ 2012ರಲ್ಲಿ ಪದ್ಮಶ್ರೀ ಪಡೆದರು, ಮರುವರ್ಷ ತೀರಿಕೊಂಡರು. ಅನ್ವರ ಖಾನರಿಗೆ 2020ರಲ್ಲಿ, ಸಿಂಧಿ ಸಾರಂಗಿಯ ಲಾಖಾ ಖಾನರಿಗೆ 2021ರಲ್ಲಿ ಆ ಗೌರವ ಬಂದಿತು. ಮಾಂಗಣಿಯಾರ್ ಹೆಂಗಸರು ಮನೆಗಳಲ್ಲಿ ಹಾಡುವವರೇ ಹೊರತು ಸಾರ್ವಜನಿಕ ಸಭೆಯಲ್ಲಿ ಹಾಡುವ ವಾಡಿಕೆಯಿರಲಿಲ್ಲ. ಬಾಡಮೇರ್ ಸೀಮೆಯ ರುಕ್ಮಾದೇವಿ ಆ ಕಟ್ಟನ್ನು ದಾಟಿ ಹಾಡಿದಳು. ಕಾಲಿನ ಶಕ್ತಿಯಿಲ್ಲದ ಆಕೆ ತನ್ನವರ ವಿರೋಧವನ್ನೂ ಎದುರಿಸಿ ಹಾಡಿ, 2011ರಲ್ಲಿ ಮಡಿದಳು. ಜೋಧಪುರದ ಮೆಹರಾನಗಢ ಕೋಟೆಯಲ್ಲಿ 2007ರಿಂದ ನಡೆದುಬಂದಿರುವ ಜನಪದ ಸಂಗೀತೋತ್ಸವದಲ್ಲಿ ಇಂದಿನ ತರುಣ ಲಂಗಾ, ಮಾಂಗಣಿಯಾರರು ಪರದೇಶದ ವಾದ್ಯಗಾರರ ಜೊತೆ ಸರಿಸಮನಾಗಿ ಕುಳಿತು ನುಡಿಸುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಹೊಗಳಿಕೆಯ ಭಾಷಣವಾದೀತು. ವೇದಿಕೆಯೂ ಒಬ್ಬ ಯಜಮಾನನೇ; ಅವನಿಗೂ ತನ್ನ ಅಪ್ಪಣೆಗಳುಂಟು. ಅಂಗಳದಲ್ಲಿ ಇರುಳಿಡೀ ಬಿಚ್ಚಿಕೊಳ್ಳುತ್ತಿದ್ದ ಹಾಡು ಸಭಾಂಗಣದಲ್ಲಿ ಹತ್ತು ನಿಮಿಷಕ್ಕೆ ಮುಗಿಯಬೇಕು. ನೋಡುವವರಿಗೆ ಮಾತು ತಿಳಿಯದು. ಆದಕಾರಣ ಖಡತಾಲದ ವೇಗಕ್ಕೆ ಚಪ್ಪಾಳೆ, ವಂಶಾವಳಿಯ ನೆನಪಿಗೆ ಮೌನ. ಹಾರ್ಮೋನಿಯಂ ಬಂದು ಕಮಾಯಚಾದ ಪಕ್ಕದಲ್ಲಿ ಕುಳಿತಿತು, ಈಗ ಕೆಲವೆಡೆ ಅದರ ಜಾಗದಲ್ಲಿಯೇ ಕುಳಿತಿದೆ. ಕಮಾಯಚಾ ಮಾಡಬಲ್ಲ ಕುಶಲಿಗರು ವಿರಳವಾಗಿದ್ದಾರೆ. 2020ರಲ್ಲಿ ಮಹಾಮಾರಿಯಿಂದ ಸಭೆ, ಪ್ರವಾಸಗಳೆಲ್ಲ ನಿಂತಾಗ, ವೇದಿಕೆಯೊಂದನ್ನೇ ನಂಬಿದವರು ದಿಕ್ಕುಗೆಟ್ಟರು.

ಹಳೆಯ ಯಜಮಾನಿಕೆಯನ್ನು ಕುರಿತೂ ನಾವು ಬಣ್ಣದ ಕನಸು ಕಾಣಬಾರದು. 2017ರ ನವರಾತ್ರಿಯ ಸಮಯದಲ್ಲಿ ಜೈಸಲ್ಮೇರ್ ಜಿಲ್ಲೆಯ ದಾಂತಲ್ ಗ್ರಾಮದಲ್ಲಿ ಒಬ್ಬ ಮಾಂಗಣಿಯಾರ್ ಗಾಯಕನ ಕೊಲೆಯಾಯಿತು. ಅವನ ಹಾಡು ಸರಿಬರಲಿಲ್ಲವೆಂಬ ಜಗಳವೇ ಅದಕ್ಕೆ ಕಾರಣವೆಂದು ಪತ್ರಿಕೆಗಳು ಬರೆದವು. ಆ ಊರಿನ ಮಾಂಗಣಿಯಾರ್ ಕುಟುಂಬಗಳು ಮನೆ ಬಿಟ್ಟು ಹೊರಟುಹೋದವು. ತಲೆಮಾರುಗಳ ಸಂಬಂಧವೆಂದು ನಾವು ಇಲ್ಲಿ ಕುಳಿತು ಕೊಂಡಾಡುವುದು ಅಲ್ಲಿ ಒಬ್ಬನ ಪ್ರಾಣಕ್ಕೆ ಆಧಾರವಾಗಲಿಲ್ಲ. ಹಾಡುಗಾರನ ಹಕ್ಕು ಯಜಮಾನನ ಒಳ್ಳೆಯತನವನ್ನೇ ಅವಲಂಬಿಸಿದ್ದರೆ ಅದು ಹಕ್ಕೆನಿಸದು. ಅವನ ಬೆನ್ನ ಹಿಂದೆ ಹೆಸರುಳ್ಳ ಒಂದು ಸಂಸ್ಥೆ ನಿಂತಿರಬೇಕೆಂದು ನಾವು ಹೇಳುವುದು ಈ ಕಾರಣಕ್ಕೂ ಹೌದು.

ಯಂತ್ರವು ಕೊರಳನ್ನು ಕದ್ದೊಯ್ಯುತ್ತದೆಂಬ ಅಂಜಿಕೆಯ ಮಾತಿಗೆ ಬರೋಣ. 1999ರಲ್ಲಿ ತೆರೆಕಂಡ ಒಂದು ಹಿಂದಿ ಚಿತ್ರದಿಂದ ‘ನಿಂಬೂಡಾ’ ಎಂಬ ಹಾಡು ದೇಶದ ಮನೆಮನೆಗಳಿಗೆ ಮುಟ್ಟಿತು. ನಮ್ಮ ಶಾಲೆಗಳ ಸ್ನೇಹಸಮ್ಮೇಳನಗಳಲ್ಲಿಯೂ ಅದಕ್ಕೆ ಕುಣಿದ ಹುಡುಗಿಯರೆಷ್ಟೋ! ಅದರ ಮೂಲ ಮಾಂಗಣಿಯಾರರ ಹಾಡು. ಕೃತಿಸ್ವಾಮ್ಯದ ಕಾನೂನು ಕರ್ತೃ ಯಾರೆಂದು ಕೇಳುತ್ತದೆ. ಒಂದು ಜನಾಂಗವೇ ತಲೆತಲಾಂತರದಿಂದ ಹಾಡಿಕೊಂಡು ಬಂದುದಕ್ಕೆ ಯಾರ ಹೆಸರು ಬರೆಯುವುದು? ಹೆಸರಿಲ್ಲದ ಹಾಡು ಯಾರ ಜೇಬಿಗೂ ಸೇರಬಹುದು, ಹಾಡಿದವರ ಜೇಬೊಂದನ್ನು ಬಿಟ್ಟು. ಇಂಥ ಸಮಯದಲ್ಲಿ, ಯಾವ ವರ್ಷ ಯಾವ ಊರಿನಲ್ಲಿ ಯಾರ ಕೊರಳಿನಿಂದ ಮುದ್ರಿಸಿಕೊಂಡೆವೆಂದು ತೋರಿಸಬಲ್ಲ ದಾಖಲೆಯೊಂದೇ ಗಾಯಕನ ಪರ ಸಾಕ್ಷಿ. ರೂಪಾಯನದ ಹಳೆಯ ಸುರುಳಿಗಳನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯ ಗುರುಗ್ರಾಮದ ಜನಾಂಗೀಯ ಸಂಗೀತ ಸಂಗ್ರಹಾಲಯದ ಸಹಾಯದಿಂದ ನಡೆದಿದೆ. ಕದ್ದೊಯ್ಯುವುದೆಂದು ಅಂಜಿದ ಯಂತ್ರವನ್ನೇ ಕಾವಲಿಗೆ ನಿಲ್ಲಿಸಿದಂತಾಯಿತು.

ಈಗ ನಮ್ಮ ಸೀಮೆಗೆ ಬರುತ್ತೇವೆ. ಶುಭರಾಜದ ಸಂಗತಿಯನ್ನು ಓದುತ್ತಿದ್ದಂತೆ ನಮಗೆ ಥಟ್ಟನೆ ನೆನಪಾದವರು ಹೆಳವರು. ಸುಗ್ಗಿ ಮುಗಿದು ಕಣದಿಂದ ಕಾಳು ಮನೆಗೆ ಬಂದ ಮೇಲೆ, ಸಿಂಗರಿಸಿದ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರಿಗೆ ಬರುವ ಹೆಳವನನ್ನು ಇಲ್ಲಿರುವ ಹಿರಿಯರೆಲ್ಲರೂ ಬಲ್ಲರು. ಮನೆಯ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು, ಯಾವ ಊರಿನಿಂದ ಬಂದಿರಿ, ಯಾರ ಮಗ ಯಾರು, ಯಾವ ಸೊಸೆಯನ್ನು ಎಲ್ಲಿಂದ ತಂದಿರಿ ಎಂಬುದನ್ನೆಲ್ಲ ಅವನು ರಾಗವಾಗಿ ಹೇಳುತ್ತಾನೆ. ಅವನು ಹೇಳುವ ಮನೆಗಳಿಗೆ ಅವನ ಒಕ್ಕಲು ಎನ್ನುತ್ತಾರೆ. ಕಾಳು, ಬಟ್ಟೆ, ಶಕ್ತಿಯಿದ್ದವರು ಕರು ಕೊಡುವುದು ವಾಡಿಕೆ. ಗಡಿಯ ಈಚೆ ನೆಲೆಸಿದ ಎಷ್ಟೋ ಕನ್ನಡ ಮನೆತನಗಳಿಗೆ, ತಮ್ಮ ಅಜ್ಜನ ಅಜ್ಜ ಯಾವ ಊರು ಬಿಟ್ಟು ಇಲ್ಲಿಗೆ ಬಂದನೆಂಬುದಕ್ಕೆ ಹೆಳವನ ಬಾಯಲ್ಲದೆ ಬೇರೆ ದಫ್ತರವಿಲ್ಲ. ಆದರೆ ಮಕ್ಕಳು ಪುಣೆ, ಮುಂಬಯಿ ಸೇರಿದ ಮನೆಗಳ ಮುಂದೆ ಅವನು ಯಾರಿಗೆ ಹೇಳಬೇಕು? ಬೀಗದ ಮುಂದೆ ವಂಶಾವಳಿ ಹೇಳಲು ಬರುವುದಿಲ್ಲ. ಮನೆಯಲ್ಲಿ ಜನರಿದ್ದರೂ, ಎರಡು ಮಾತು ಹೇಳುವಷ್ಟರಲ್ಲಿ ಹತ್ತು ರೂಪಾಯಿ ಕೈಗಿತ್ತು ಮುಂದಿನ ಮನೆಗೆ ಕಳಿಸಿಬಿಡುತ್ತಾರೆ. ಕೊಟ್ಟಂತಾಯಿತೆಂದು ಇವರ ಸಮಾಧಾನ; ಕೇಳಲಿಲ್ಲವೆಂಬುದು ಅವನ ಸಂಕಟ.

ಡೊಳ್ಳಿನ ಪದದವರ ಸ್ಥಿತಿ ಇಷ್ಟು ಹೀನವಲ್ಲ. ಬೀರಪ್ಪ, ಅಮೋಘಸಿದ್ಧ, ಮಹಾಲಿಂಗರಾಯರ ಜಾತ್ರೆಗಳು ನಡೆಯುವವರೆಗೆ ಅವರಿಗೆ ಒಕ್ಕಲಿನ ಕೊರತೆಯಿಲ್ಲ. ದೈವವೇ ಅವರ ಯಜಮಾನ. ದೀಪಾವಳಿಯ ಅಮಾವಾಸ್ಯೆಗೆ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ಪಲ್ಲಕ್ಕಿಗಳು ಕೂಡುವುದನ್ನು ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಒಂದೇ ದೈವಕ್ಕೆ ಒಂದು ಕಡೆ ಕನ್ನಡದಲ್ಲಿ ಡೊಳ್ಳಿನ ಪದ, ಇನ್ನೊಂದು ಕಡೆ ಮರಾಠಿಯಲ್ಲಿ ಧನಗರ ಓವಿ. ಕುರುಬರೆಂದರೂ ಅವರೇ, ಧನಗರರೆಂದರೂ ಅವರೇ. ಭಾಷೆಯ ಹೆಸರಿನಲ್ಲಿ ನಾವು ಪೇಟೆಯವರು ಮಾಡುವ ಜಗಳ ಆ ಭಂಡಾರದ ಧೂಳಿನಲ್ಲಿ ಕಾಣಿಸುವುದೇ ಇಲ್ಲ. ಇದನ್ನು ಕನ್ನಡ ಸಂಘದ ವೇದಿಕೆಯ ಮೇಲೆ ಹೇಳಬಾರದೆಂದು ಯಾರಾದರೂ ಅಂದಾರು. ನಾವು ಹೇಳಿಯೇ ತೀರುತ್ತೇವೆ. ನಮ್ಮ ಸಂಘ ನೆರವಾಗಬೇಕಾದುದು ಆ ಹಾಡುಗಾರನಿಗೆ. ಅವನು ಮರಾಠಿಯಲ್ಲಿಯೂ ಹಾಡುತ್ತಾನೆಂಬುದು ಅವನ ಕನ್ನಡಕ್ಕೆ ಕುಂದಲ್ಲ.

ಗಡಿಯ ಹಾಡುಗಾರನಿಗೆ ಇನ್ನೊಂದು ತೊಡಕಿದೆ. ಅವನ ಮನೆ ಒಂದು ರಾಜ್ಯದಲ್ಲಿ, ಹಾಡಿನ ಭಾಷೆ ಇನ್ನೊಂದು ರಾಜ್ಯದ್ದು. ಎರಡೂ ಕಡೆಯ ಪಟ್ಟಿಗಳಿಂದ ಹೆಸರು ಜಾರಿಹೋಗುವ ಭಯ ಅವನಿಗಿರುವಷ್ಟು ನಡುನಾಡಿನವನಿಗಿಲ್ಲ. ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಅಂಥ ದೊಡ್ಡ ಕಟ್ಟಡ ನಮ್ಮಿಂದಾಗದು, ಬೇಕಾಗಿಯೂ ಇಲ್ಲ. ಬೋರುಂದಾ ಕೂಡ ಒಂದು ಹಳ್ಳಿಯೇ.

ಹಾಗಾದರೆ ನಮ್ಮಿಂದಾಗುವುದೇನು? ಪ್ರತಿ ವರ್ಷ ಈ ವೇದಿಕೆಯ ಮೇಲೆ ಇಬ್ಬರು ಮೂವರು ಕಲಾವಿದರಿಗೆ ಶಾಲು ಹೊದಿಸಿ, ಹಾರ ಹಾಕಿ, ಸ್ಮರಣಿಕೆ ಕೊಡುತ್ತೇವೆ. ಅವರು ಕೈಮುಗಿದು ಇಳಿದುಹೋಗುತ್ತಾರೆ. ಅವರನ್ನು ಹಾಡಿಸಿದ್ದು ಎಷ್ಟು ಹೊತ್ತು? ಭಾಷಣಗಳು ಮುಗಿಯದೆ ಅವರ ಪಾಳಿ ಬರುವ ಹೊತ್ತಿಗೆ ಅರ್ಧ ಸಭೆ ಊಟದ ಪಂಕ್ತಿಯಲ್ಲಿರುತ್ತದೆ. (ಈ ಮಾತು ಇಂದಿನ ಭಾಷಣಕಾರರಾದ ನಮಗೂ ಅನ್ವಯಿಸುತ್ತದೆಂಬುದನ್ನು ಬಲ್ಲೆವು.) ಮುಂದಿನ ವರ್ಷದಿಂದ ಒಂದು ಇರುಳನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಡಬೇಕೆಂದು ನಮ್ಮ ಸೂಚನೆ. ಒಂದೇ ಮೇಳ, ಒಂದೇ ಕಥೆ, ಬೆಳಗಾಗುವವರೆಗೆ. ಸಂಭಾವನೆಯನ್ನು ಮೊದಲೇ ಮಾತನಾಡಿ, ಬರೆದುಕೊಟ್ಟು, ಅದನ್ನು ಹಾಡುವ ಮುನ್ನವೇ ಕೈಗೆ ಕೊಡಬೇಕು. ಶಾಲು, ಸ್ಮರಣಿಕೆಗಳ ಹಣವನ್ನು ಡೊಳ್ಳಿಗೆ ಹೊಸ ಚರ್ಮ ಹೊದಿಸಲು ಕೊಟ್ಟರೆ ಅದರ ದನಿ ಹಲವು ಜಾತ್ರೆಗಳಲ್ಲಿ ಕೇಳಿಸೀತು.

ಧ್ವನಿಮುದ್ರಣಕ್ಕೆ ಕೊಠಾರಿಯವರ ಕಾಲದಂತೆ ಭಾರದ ಯಂತ್ರಗಳನ್ನು ಒಂಟೆಯ ನಾಡಿನಲ್ಲಿ ಹೊತ್ತು ತಿರುಗಬೇಕಾಗಿಲ್ಲ. ಇಲ್ಲಿ ಕುಳಿತ ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲು ಇದೆ. ಆದರೆ ಮುದ್ರಿಸಿಕೊಂಡು ಊರಿಗೆಲ್ಲ ಹಂಚುವ ಮುನ್ನ ಹಾಡಿದವನನ್ನು ಕೇಳಿರಿ. ಅವನ ಹೆಸರು, ಊರು, ಅವನಿಗೆ ಕಲಿಸಿದವರ ಹೆಸರು, ಹಾಡಿದ ದಿನ ಇಷ್ಟನ್ನಾದರೂ ಬರೆದಿಡಿರಿ. ಒಂದು ಪ್ರತಿಯನ್ನು ಅವನ ಮಕ್ಕಳ ಕೈಗೆ ಕೊಡಿರಿ. ಕೆಲವು ಪದಗಳನ್ನು ಗುಡಿಯಲ್ಲಲ್ಲದೆ ಬೇರೆಡೆ ಹಾಡಬಾರದೆಂದು ಅವನು ಹೇಳಿದರೆ, ಅಲ್ಲಿಗೆ ಯಂತ್ರವನ್ನು ನಿಲ್ಲಿಸಿರಿ. ಎಲ್ಲವನ್ನೂ ನಾವು ಕೂಡಿಡಲೇಬೇಕೆಂಬ ಹಟ ವಿದ್ವಾಂಸರ ಹಟ. ಹಾಡಿಗೆ ಅದರ ಅವಶ್ಯಕತೆಯಿಲ್ಲ.

ತಾಯಂದಿರಲ್ಲಿ ಒಂದು ಪ್ರಾರ್ಥನೆ. ಈ ಸುಗ್ಗಿ ಮುಗಿದು ಹೆಳವನು ತಮ್ಮ ಬಾಗಿಲಿಗೆ ಬಂದರೆ, ಕಾಳನ್ನು ಮೊರದಲ್ಲಿ ತಂದಿಟ್ಟುಕೊಂಡು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನು ಮುಗಿಸುವವರೆಗೆ ಕೇಳಿರಿ. ಮಗುವಿನ ಹೆಸರನ್ನು ಅವನ ವಂಶಾವಳಿಗೆ ಸೇರಿಸಲು ಹೇಳಿರಿ. ಹೆಣ್ಣುಮಗುವಿನ ಹೆಸರನ್ನೂ ಸೇರಿಸಲು ಹೇಳಿರಿ. ಅವನು ಒಪ್ಪುವನೇ ನೋಡೋಣ.

ನಮ್ಮ ಶಾಲೆಯ ಒಂಬತ್ತನೆಯ ತರಗತಿಯವರು ಸುತ್ತಲಿನ ಊರುಗಳ ಹಾಡುಗಾರರ ಒಂದು ದಾಖಲೆ ಪುಸ್ತಕವನ್ನು ಆರಂಭಿಸಿದ್ದಾರೆ. ಉದ್ದನೆಯ ಲೆಕ್ಕದ ವಹಿ; ಊರಿಗೆ ಒಂದು ಪುಟ. ಡೊಳ್ಳಿನವರ, ಗೀಗೀ ಮೇಳದವರ, ಚೌಡಿಕೆಯವರ, ಭಜನೆಯವರ, ಹೆಳವರ ಹೆಸರುಗಳನ್ನು ಅದರಲ್ಲಿ ಬರೆಯುತ್ತಿದ್ದಾರೆ. ಅಕ್ಷರದ ತಪ್ಪುಗಳನ್ನು ನಾವು ತಿದ್ದಬಲ್ಲೆವು. ಬಿಟ್ಟುಹೋದ ಹೆಸರುಗಳನ್ನು ತಾವೇ ಹೇಳಬೇಕು. ವಹಿ ಇಂದು ಪ್ರವೇಶದ್ವಾರದ ಬಳಿಯ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮುನ್ನ ತಮ್ಮ ಊರಿನ ಪುಟವನ್ನು ತೆರೆದು ನೋಡಬೇಕೆಂದು ಕೋರುತ್ತೇವೆ. ದೀಪಾವಳಿಯ ಅಮಾವಾಸ್ಯೆಗೆ ಹುಡುಗರೊಡನೆ ಹುಲಜಂತಿಗೆ ಹೋಗುವುದೆಂದು ನಿಶ್ಚಯವಾಗಿದೆ. ಜೀಪಿನಲ್ಲಿ ಇನ್ನೂ ಇಬ್ಬರಿಗೆ ಸ್ಥಳವಿದೆ.